ಎಂಟನೆಯ ಪ್ರಶ್ನೆ, ಐದು ಅಂಕ

ನೈಲ್ ನದಿಯ ಪಡುವಣ ದಂಡೆ,
ಹೆಣ್ಣುಮಕ್ಕಳ ಪ್ರೌಢಶಾಲೆ, ಮೂರನೆಯ ಪಿರಿಯಡ್.
ಫ್ಯಾನಿನ ಒಂದು ರೆಕ್ಕೆ ಸೊಟ್ಟ.
ನಲವತ್ತೊಂದನೆಯ ಪುಟದಲ್ಲಿ
ಹದಿನಾಲ್ಕು ಸಾಲಿನ ಇಂಗ್ಲಿಷ್ ಪದ್ಯ:
ಮುರಿದ ಅರಸ, ಮರಳು, ಮುಗಿಯಿತು.

ಇನ್ನೂರು ವರ್ಷದ ಹಿಂದೆ
ಮಳೆಯ ಊರಲ್ಲಿ ಕೂತು ಬರೆದವನು
ಈ ಕಡೆ ಕಾಲಿಟ್ಟವನಲ್ಲ.
ನಾನೂ ಅವನ ಕಡೆ ಹೋದವಳಲ್ಲ.
ಲೆಕ್ಕ ಸಮ.

'ಅಧಿಕಾರ ನಶ್ವರ' ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ,
ಇಪ್ಪತ್ತೆರಡು ವರ್ಷದಿಂದ, ಅದೇ ಓರೆ ಅಕ್ಷರದಲ್ಲಿ.
ಬೆಲ್ಲಾದ ಮೇಲೆ ನಾನೇ ಒರೆಸುತ್ತೇನೆ.
ಬೋರ್ಡಿನ ನೆತ್ತಿಗೊಂದು ಮೊಳೆ,
ಮೊಳೆಗೊಂದು ಚೌಕಟ್ಟು,
ಚೌಕಟ್ಟಿನೊಳಗೆ ಸದ್ಯದ ನಗು.
ಸುತ್ತ ಎರಡು ಬೆರಳಗಲ ಗೋಡೆ ಬೆಳ್ಳಗಿದೆ;
ಹಿಂದಿನ ಚೌಕಟ್ಟು ದೊಡ್ಡದಿತ್ತು.
ಆ ಬಿಳಿಯ ಬಗ್ಗೆ ಯಾರೂ ಕೇಳುವುದಿಲ್ಲ,
ಪಠ್ಯದಲ್ಲಿಲ್ಲ.

ಕೊನೆಯ ಬೆಂಚಿನಿಂದ ರಾವ್ಯಾ ಕೈ ಎತ್ತಿದಳು.
"ಮೇಡಂ, ಅರಸನ ಸುತ್ತ ಮರಳೊಂದೇ ಅಂತಾನಲ್ಲ ಕವಿ,
ನಮ್ಮ ಮನೆ ಎಲ್ಲಿಟ್ಟ?"

ಎಲ್ಲರೂ ನಕ್ಕರು. ನಾನೂ ನಕ್ಕೆ.
ಆಮೇಲೆ ಸೀಮೆಸುಣ್ಣ ಮುರಿಯಿತು,
ಬಗ್ಗಿ ಹೆಕ್ಕುವಷ್ಟು ಹೊತ್ತು
ಯಾರಿಗೂ ಮುಖ ತೋರಿಸಬೇಕಾಗಲಿಲ್ಲ.

ಅವಳ ಮನೆ ಗೊತ್ತು ನನಗೆ. ಗುಡ್ಡದ ಮೇಲಿತ್ತು,
ನೀಲಿ ಬಳಿದ ಮಣ್ಣಿನ ಗೋಡೆ, ಮಾಡಿನ ಮೇಲೆ ಪಾರಿವಾಳದ ಗೂಡು,
ಅಡಿಗೆ ಯಾರದೋ ಮೂರು ಸಾವಿರ ವರ್ಷದ ಗೋರಿ.
ಬಂದವರ ಕಣ್ಣಿಗೆ ಸತ್ತವರು ಚೆನ್ನಾಗಿ ಕಾಣಲೆಂದು
ಬದುಕಿದ್ದವರನ್ನು ಎಬ್ಬಿಸಿದರು.
ಬುಲ್ಡೋಜರಿಗೆ ಅರ್ಧ ದಿನ ಸಾಕಾಯಿತು.
ಪಾರಿವಾಳಗಳು ವಾರದ ತನಕ ಬಂದು ಬಂದು
ಗಾಳಿಯ ಮೇಲೆ ಇಳಿಯಲು ನೋಡುತ್ತಿದ್ದವು.

ಈಗ ರಾತ್ರಿ. ಅಡುಗೆಮನೆಯ ಮೇಜು, ಕೆಂಪು ಪೆನ್ನು,
ಐವತ್ತಾರು ಉತ್ತರಪತ್ರಿಕೆ.
ಎಂಟನೆಯ ಪ್ರಶ್ನೆ: ಕವಿಯ ಆಶಯವೇನು?
ಗರ್ವ ಅಂದರೆ ಒಂದು, ಕಾಲ ಅಂದರೆ ಎರಡು,
ವ್ಯಂಗ್ಯ ಎಂದು ಬರೆದು ಅಡಿಗೆರೆ ಎಳೆದವರಿಗೆ ಪೂರ್ತಿ.
ಮಿರ್ನಾ ಎಳೆದಿದ್ದಾಳೆ, ಸ್ಕೇಲಿಟ್ಟು.

ರಾವ್ಯಾಳ ಇಂಗ್ಲಿಷ್ ಅಲ್ಲಲ್ಲಿ ಕುಂಟುತ್ತದೆ:
'ಕವಿಗೆ ಕಬ್ಬು ಕಾಣಲಿಲ್ಲ. ಅರಸನ ಕಾಲಬುಡದಿಂದ
ನೂರು ಹೆಜ್ಜೆಗೆ ಕಬ್ಬಿನ ಗದ್ದೆ,
ಕಬ್ಬು ಹೊತ್ತ ಪುಟ್ಟ ರೈಲು, ಹಿಂದೆ ಕದಿಯಲು ಓಡುವ ನನ್ನ ತಮ್ಮ.
ಅರಸನ ಕಿವಿಯಲ್ಲಿ ಚಂದ್ರಮುಕುಟದ ಮರಿಗಳಿವೆ.
ಬಿದ್ದ ಭುಜದ ನೆರಳಲ್ಲಿ ನನ್ನ ತಾತ ಹಸಬಲ್ಲಾ
ರೊಟ್ಟಿ, ಈರುಳ್ಳಿ ತಿನ್ನುತ್ತಾನೆ. ಅವನು ಅಲ್ಲಿಯ ಕಾವಲುಗಾರ.
ಆಳಿದವನ ಹೆಸರು ಕಲ್ಲಿನ ಮೇಲಿದೆ,
ಕೆತ್ತಿದ ಆಳಿನದು ಇಲ್ಲ. ಕೂಲಿ ಕೊಟ್ಟರೋ ಇಲ್ಲವೋ.
ಆ ಗಲ್ಲ ಕೆತ್ತಿದವನು ನಮ್ಮ ಮನೆಯವನೇ ಅಂತಾನೆ ತಾತ,
ನನ್ನ ಸೋದರಮಾವನದೂ ಅದೇ ಗಲ್ಲ.
ಮೇಡಂ, ಜಾಗ ಸಾಲಲಿಲ್ಲ.'

ಗರ್ವ ಇಲ್ಲ, ಕಾಲ ಇಲ್ಲ, ವ್ಯಂಗ್ಯ ಇಲ್ಲ.
ಸೊನ್ನೆ ಹಾಕಬೇಕು.
ನಾಲ್ಕು ಹಾಕಿದೆ. ಹೊಡೆದೆ. ಮತ್ತೆ ನಾಲ್ಕು ಹಾಕಿ
ಪಕ್ಕದಲ್ಲಿ ಸಹಿ ಮಾಡಿದೆ.
ಒಂದು ಅಂಕ ಯಾಕೆ ಕಳೆದೆನೋ ತಿಳಿಯದು,
ಮೇಲಿನವರಿಗೆ ಹೆದರಿ ಇರಬೇಕು.

ಶುಕ್ರವಾರ ಬೆಳಿಗ್ಗೆ, ಟಿಕೆಟ್ಟಿನವರು ಬರುವ ಮೊದಲೇ ಹೋದೆ.
ಹುಟ್ಟಿದ ಊರೇ ಇದು. ಅರಸನನ್ನು ಬಸ್ಸಿನ ಕಿಟಕಿಯಿಂದಲೇ
ನೋಡಿದ್ದೆ ಇಷ್ಟು ವರ್ಷ.
ಕಲ್ಲಿನ ಬೆರಳೊಂದು ನನ್ನ ತೋಳಿನ ಗಾತ್ರ. ತಣ್ಣಗಿತ್ತು.
ಇರುಳಿಡೀ ಬೀಸಿದ ಗಾಳಿ
ಎಂದಿನ ಪಾಲು ಮರಳನ್ನು ತಂದು ಸುರಿದಿತ್ತು.

ಮುದುಕ ಪೊರಕೆ ಹಿಡಿದು ಹಿಮ್ಮುಖವಾಗಿ ಬಂದ.
ಯಾರು, ಏನು ಎಂದು ಕೇಳಲಿಲ್ಲ.
ಪದ್ಯದ ಮಾತು ಎತ್ತೋಣವೆಂದು ಬಾಯಿ ತೆರೆದೆ.

"ಸ್ವಲ್ಪ ಕಾಲೆತ್ತಮ್ಮ," ಅಂದ,
ನಾನು ನಿಂತಿದ್ದ ಜಾಗವನ್ನೂ ಗುಡಿಸಿದ.