ಕಾವಳ ಎಲ್ಲಿ ಮುಗಿಯಿತು

ಹದಿನೆಂಟು ದಿನವಾಯಿತು, ನಮ್ಮೂರಿಗೆ ಸೂರ್ಯನಿಲ್ಲ.
ಸಾವಾ ನದಿಯಿಂದೆದ್ದ ಕಾವಳ
ಬೋಗುಣಿಗೆ ಮುಚ್ಚಳ ಹಾಕಿದ ಹಾಗೆ ಕೂತುಬಿಟ್ಟಿದೆ.
ಬೇಕರಿಯ ದೀಪ ಮಧ್ಯಾಹ್ನವೂ ಉರಿಯುತ್ತದೆ,
ಒಣಹಾಕಿದ ಕಾಲುಚೀಲ ಮೂರನೇ ದಿನಕ್ಕೂ ಹಸಿ,
ಜನ ಒಬ್ಬರನ್ನೊಬ್ಬರು ಕೆಮ್ಮಿನಲ್ಲೇ ಗುರುತು ಹಿಡಿಯುತ್ತಾರೆ.

ಅದಕ್ಕೇ ರಾತ್ರಿ ಪಾಳಿ ಮುಗಿಸಿ,
ವಾಷಿಂಗ್ ಮೆಷಿನ್ನಿನ ಆರುನೂರು ಬಾಗಿಲಿಗೆ ರಬ್ಬರು ಕೂರಿಸಿ,
ಮನೆಗೆ ಹೋಗದೆ ಗುಡ್ಡ ಹತ್ತುತ್ತೇನೆ.
ಬೂಟಿಗೆ ಮೊಳೆಪಟ್ಟಿ, ಚೀಲದಲ್ಲಿ ಎರಡು ಸೇಬು,
ಕಣ್ಣಲ್ಲಿ ಇನ್ನೂ ಟ್ಯೂಬ್‌ಲೈಟು.

ಮೊದಲ ಬೆಂಚಿನ ತನಕ ಮೈ ಜಗಳವಾಡುತ್ತದೆ:
ಹಾಸಿಗೆ ಎಲ್ಲಿ, ಕಾಫಿ ಎಲ್ಲಿ, ನಿನಗೇನು ಬುದ್ಧಿ ಕೆಟ್ಟಿದೆಯಾ.
ಎರಡನೇ ಬೆಂಚಿಗೆ ಕೋಟಿನ ಗುಂಡಿ ಬಿಚ್ಚುತ್ತೇನೆ,
ಜಗಳ ಏದುಸಿರಿಗೆ ಇಳಿಯುತ್ತದೆ.
ಆಮೇಲೆ ಬರೀ ಹಿಮದ ಸದ್ದು,
ಹುರಿಗಾಳು ಜಗಿದ ಹಾಗೆ
ಕರುಂ,
ಕರುಂ.

ಬೀಚ್ ಮರದ ಕಡ್ಡಿಕಡ್ಡಿಗೂ
ಗಾಳಿ ಬಂದ ದಿಕ್ಕಿಗೆ ಬಿಳಿ ಮುಳ್ಳು ಬೆಳೆದಿವೆ.
ಟೊಪ್ಪಿಗೆ ತಾಗಿದರೆ ಸಾಕು, ನೇರ ಬೆನ್ನೊಳಗೇ ಸುರಿಯುತ್ತವೆ.
ಬೈದು, ನಗುತ್ತೇನೆ. ಕೇಳುವವರಿಲ್ಲ.

ಬಿಳುಪಿಗೆ ತುಸು ಹಳದಿ ಬಂತು.
ಕೆರೆಯಿಂದ ಏಳುವವರ ಹಾಗೆ
ಮೊದಲು ನೆತ್ತಿ, ಆಮೇಲೆ ಕಣ್ಣು, ಆಮೇಲೆ ಭುಜ.
ಹೊರಗೆ ಬಂದೆ.

ಕಾರ್ಖಾನೆಯೂ ಚರ್ಚಿನ ಗೋಪುರವೂ ಕಟ್ಟದ ಬಿಲ್ಲೂ
ಎಲ್ಲ ಕೆನೆಯಡಿ ಸೇರಿವೆ.
ಆಚೆ ಆಲ್ಪ್ಸಿನ ಹಲ್ಲುಸಾಲು,
ಮತ್ತೆ ಬಿಸಿಲು, ಬಿಸಿಲು!
ರೆಪ್ಪೆಯ ಹಿಮ ಕರಗಿ ಕೆನ್ನೆಗಿಳಿದರೆ
ಅತ್ತೆನೆಂದುಕೊಳ್ಳಬೇಡಿ.

ತುದಿಯ ಗುಡಿಸಲಲ್ಲಿ ಆಂಚ್ಕಾ
ಹುಳಿಕೋಸಿನ ಸಾರು ಕಲಕುತ್ತಿದ್ದಾಳೆ.
ನರ್ಸ್ ವೆರೋನಿಕಾಳ ಬೆನ್ನಿಗೆ ಕಟ್ಟಿದ ಮಗು
ಬಿಸಿಲಿಗೆ ಸೀನುತ್ತದೆ, ಸೀನಿಗೆ ತಾನೇ ಬೆಚ್ಚುತ್ತದೆ.
ಅಂಚೆಯ ಸ್ಟಾನೆ, ಎಪ್ಪತ್ತೆಂಟು,
ಅಂಗಿ ಕಳಚಿ ಗೋಡೆಗೊರಗಿ ಕೂತಿದ್ದಾನೆ,
ಬೆಂದ ಆಲೂಗಡ್ಡೆಯ ಹಾಗೆ ಮೈಯಿಂದ ಹಬೆ.
ತಗಡಿನ ಡಬ್ಬಿಯ ನೋಟುಬುಕ್ಕಿನಲ್ಲಿ ಬರೆದೆ:
ಜ್ದೆಂಕಾ, ಈ ಚಳಿಗೆ ಮೂವತ್ತೊಂದನೇ ಸಲ.
ಮೇಲಿನ ಸಾಲುಗಳಲ್ಲಿ ಬೊಗೋಮಿರ್ ಎಲ್ಲೂ ಇಲ್ಲ;
ನವೆಂಬರಿನಲ್ಲಿ ಅವನ ಮೊಣಕಾಲಿಗೆ ಲೋಹ ಹಾಕಿದರು.

ಹನ್ನೊಂದಕ್ಕೆ ಫೋನು, ದಿನವೂ ಹೀಗೇ.
"ಎಲ್ಲಿ ಮುಗೀತು?"
ಹೇಗಿದ್ದೀ ಏನು ಎತ್ತ, ಅದೆಲ್ಲ ಅವನಿಗೆ ಗೊತ್ತಿಲ್ಲ.
"ಮೂರನೇ ಬೆಂಚು ದಾಟಿ, ಸಿಡಿಲು ಹೊಡೆದ ಮರದ ಹತ್ತಿರ."
"ಹಾಂ, ನಿನ್ನೆಗಿಂತ ಇಳಿದಿದೆ,"
ತಾನೇ ಎಳೆದು ಇಳಿಸಿದವನ ಹಾಗೆ.
ಆಮೇಲೆ, ಉಸಿರೆಳೆದು:
"ನಾನು ಮೊದಲ ಬೆಂಚಿನಲ್ಲಿದ್ದೇನೆ ಕಣೇ.
ಎರಡು ಕೋಲು, ಒಂದೂವರೆ ಗಂಟೆ.
ಬರುವಾಗ ಮುದ್ರೆ ತಾ."

ಮುದ್ರೆಗೆ ಸರಪಳಿ ಇದೆ,
ಆಂಚ್ಕಾ ಅದಕ್ಕಿಂತ ಗಟ್ಟಿ.
ಅಂಗೈ ಚಾಚಿದೆ. ಅನುಮಾನಿಸಿ, ಠಪ್ಪೆಂದು ಒತ್ತಿದಳು:
ನೀಲಿ ವೃತ್ತ, ಒಳಗೊಂದು ಗುಡ್ಡ, ಕೆಳಗೆ ಎತ್ತರ.

ಕೈಗವಸು ಹಾಕದೆ ಇಳಿದೆ.
ಮುಷ್ಟಿ ಕಟ್ಟುವಂತಿಲ್ಲ, ಜೇಬಿಗಿಡುವಂತಿಲ್ಲ,
ಒಂದೇ ಕೋಲು ಊರುತ್ತ, ಜಾರುತ್ತ,
ಕಡಿದಾದಲ್ಲಿ ಕುಂಡೆಯ ಮೇಲೇ ಸರಿದು ಬಂದೆ,
ಅಂಗೈಯನ್ನು ಮಾತ್ರ
ತುಂಬಿದ ಬಟ್ಟಲಿನಂತೆ ಮೇಲೆತ್ತಿ.
ಮತ್ತೆ ಕಾವಳ. ಮೊದಲು ಪಾದ,
ಆಮೇಲೆ ಸೊಂಟ, ಆಮೇಲೆ
ನಾನೇ ಇಲ್ಲ.

ಬೂದಿಯೊಳಗೆ ಕೆಂಡದಂತೊಂದು ಕೆಂಪು ಟೊಪ್ಪಿಗೆ.
ಮೂಗು ಸೋರುತ್ತಿದೆ, ಮುಖವೆಲ್ಲ ಹಬ್ಬ.
ಸೇಬು ಕೊಟ್ಟೆ; ಹಲ್ಲು ಜುಮ್ಮೆಂದು ಕಣ್ಣು ಮುಚ್ಚಿದ.
ಪುಟ್ಟ ಪುಸ್ತಕ ಬಿಡಿಸಿ
ಮರಗಟ್ಟಿದ ನನ್ನ ಅಂಗೈಗೆ ಒತ್ತಿ ಹಿಡಿದ, ತುಂಬ ಹೊತ್ತು.
ಎತ್ತಿ ನೋಡಿದರೆ ಗುಡ್ಡ ಕರಗಿದೆ,
ನೀಲಿಯದೊಂದು ಮಸುಕು, ನನ್ನ ಕೈಗೆರೆಗಳ ಸಮೇತ.

"ಇದು ಲೆಕ್ಕಕ್ಕಿಲ್ಲ," ಅಂದ,
ಶಾಯಿ ಆರಲೆಂದು
ಮೆಲ್ಲಗೆ ಊದುತ್ತ.