ಒಸಡಿನ ಬಣ್ಣದ ಹಿಡಿ

ಸಾಲಗಾಮೆ ರಸ್ತೆಯಲ್ಲಿ ನನ್ನದು ಹಲ್ಲುಸೆಟ್ಟು ಕಟ್ಟುವ ಕೆಲಸ.
ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ಮೇಲ್ಸಾಲು, ಕೆಳಸಾಲು,
ಚೀಟಿಯಲ್ಲಿ ಹೆಸರು, ಊರು: ಕಟ್ಟಾಯ, ದುದ್ದ, ಹಳೇಬೀಡು.
ಮುಖ ಕಾಣದೆಯೇ
ಅರ್ಧ ಜಿಲ್ಲೆಯ ನಗು ನನಗೆ ಗೊತ್ತು.

ಏಳಕ್ಕೆ ಶಟರ್ ಎಳೆದು, ಒಳದೀಪ ಆರಿಸದೆ,
ಬೆಂಚಿನಡಿಯಿಂದ ಚಾದರ ಸುತ್ತಿದ್ದನ್ನು ತೆಗೆಯುತ್ತೇನೆ.
ಗಾಳಿಕೋವಿ. ಲೈಸೆನ್ಸು ಕೇಳದ ಜಾತಿ.
ಗುಜರಿ ಅಂಗಡಿಯಲ್ಲಿ ಹೊಲಿಗೆ ಮಿಷನ್ನು, ಕುಂಟ ಫ್ಯಾನುಗಳ ನಡುವೆ
ಮರ ಕಳಚಿ ಬಿದ್ದಿತ್ತು, ಬರೀ ಕಬ್ಬಿಣ.
ಹೊಟ್ಟೆಯೊಳಗಿನ ಸ್ಪ್ರಿಂಗು ಸತ್ತು ಎಷ್ಟು ವರ್ಷವಾಗಿತ್ತೋ.

ಪೆನ್ಷನ್ ಮೊಹಲ್ಲಾದ ಮುನೀರ್ ಸಾಬರು
ಲೇತಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ತಿರುವಿ ಕೊಟ್ಟರು.
ದುಡ್ಡು ಮುಟ್ಟಲಿಲ್ಲ. ನಾನು ಕಟ್ಟಿದ ಹಲ್ಲು ತೋರಿಸಿ ನಕ್ಕರು, ಅಷ್ಟೆ.

ಮರ, ಹಲಸು. ಎಲ್ಲಿಯದೆಂದು ಅಮ್ಮನಿಗೆ ಹೇಳಿಲ್ಲ.
ಬಸದಿಯ ಅಡುಗೆಮನೆ ಬಿಚ್ಚಿದಾಗ ಹರಾಜಾದ ತೊಲೆಯ ತುಂಡು.
ಐದು ತಿಂಗಳು ಅರ ಹಾಕಿದೆ, ಉಪ್ಪುಕಾಗದ ತಿಕ್ಕಿದೆ.
ಕೆನ್ನೆ ಊರುವ ಜಾಗವನ್ನು ಕೆನ್ನೆಯಿಂದಲೇ ಅಳೆದೆ,
ತಗ್ಗಿಸಿದೆ, ಜಾಸ್ತಿ ತಗ್ಗಿಸಿಬಿಟ್ಟೆ,
ಚಕ್ಕೆ ಅಂಟಿಸಿ ಮತ್ತೆ ಮೊದಲಿನಿಂದ.

ಹಿಡಿಗೆ ಮರ ಒಲಿಯಲಿಲ್ಲ.
ಹಲ್ಲಿನ ಮೇಣ ಕಾಸಿ, ಮುಷ್ಟಿಯಲ್ಲಿ ಹಿಡಿದು
ನೂರರವರೆಗೆ ಎಣಿಸಿದೆ.
ಬೆರಳುಗಳು ಬಿಟ್ಟುಹೋದ ಹಳ್ಳಗಳಿಗೆ ಗಾರೆ ಸುರಿದು,
ಪುಡಿ ಕಲಸಿ ತುಂಬಿ, ಕುಕ್ಕರಿನಲ್ಲಿ ಬೇಯಿಸಿದೆ.
ನನ್ನಲ್ಲಿರುವುದು ಒಂದೇ ಬಣ್ಣ, ಒಸಡಿನದು.
ಹಾಸನದಲ್ಲಿ, ಬಹುಶಃ ಲೋಕದಲ್ಲೇ,
ಗುಲಾಬಿ ವಸಡಿನ ಕೋವಿ ಇದೊಂದೇ ಇರಬೇಕು.

ಶಟರಿನಿಂದ ಹಿಂಗೋಡೆಗೆ ಹದಿಮೂರು ಹೆಜ್ಜೆ.
ಅಲ್ಲಿ ಮರಳು ತುಂಬಿದ ಎಣ್ಣೆಡಬ್ಬ,
ಡಬ್ಬಕ್ಕೆ ಔಷಧಿ ಕಂಪನಿ ಕ್ಯಾಲೆಂಡರಿನ ಹಳೇ ಹಾಳೆ.
ಹೋದ ಮಾರ್ಚಿನ ಭಾನುವಾರಗಳನ್ನೆಲ್ಲ ಹೊಡೆದಿದ್ದೇನೆ,
ಎರಡು ಸರ್ಕಾರಿ ರಜೆಗಳನ್ನೂ.
ಅಷ್ಟಮಿ, ಚತುರ್ದಶಿ ಮುಟ್ಟಿಲ್ಲ.

ಅಮ್ಮ ನೀರು ಸೋಸಿ ಕುಡಿಯುವವಳು,
ಗೆಡ್ಡೆ ತಿನ್ನದವಳು, ಹೊತ್ತು ಮುಳುಗುವ ಮುಂಚೆ ಉಣ್ಣುವವಳು.
ಮೊದಲ ಸಲ ನೋಡಿದಾಗ ಕೇಳಿದ್ದು ಒಂದೇ ಮಾತು:
‘ಏನನ್ನ ಕೊಲ್ಲುತ್ತೋ ಇದು?’
ಕಾಗದ, ಅಂದೆ.
‘ಕಾಗದ ಹರಿಯೋಕೆ ಕೈ ಸಾಲ್ದೇನೋ ಧರಣೇಂದ್ರ?’

ಹೇಗೆ ಹೇಳಲಿ. ಹೊಡೆಯುವುದು ಐದು ನಿಮಿಷ,
ಉಳಿದದ್ದೆಲ್ಲ ಉಜ್ಜುವುದು.
ಸರಿಯಾಗಿ ಕೂತ ಹಲ್ಲನ್ನು ಬಾಯಿ ಮರೆಯುತ್ತದೆ,
ಯಾರೂ ಬಂದು ಹೇಳುವುದಿಲ್ಲ.
ಕೂರದ್ದು ಮಾತ್ರ ವಾಪಸು ಬರುತ್ತದೆ, ಬೈಗುಳದ ಚೀಟಿಯೊಂದಿಗೆ.
ನನಗೂ ಒಂದು ಬೇಕಿತ್ತು,
ಕೂತಿತು ಎಂದು ನಾನೇ ತಿಳಿಯುವಂಥದ್ದು.

ಮೊನ್ನೆ ಸಂಜೆ ಐದೂವರೆಗೆ ಕ್ಯಾರಿಯರ್ ಹಿಡಿದು ಬಂದಿದ್ದಾಳೆ.
ನಾನು ಕೊರಿಯರಿಗೆ ಹೋಗಿದ್ದೆ.
ಬೆಂಚಿನಡಿ ಇರುವೆ ಸಾಲು, ಚಾದರದ ಮಡಿಕೆಯೊಳಗೆ ಹೋಗುತ್ತಿತ್ತಂತೆ,
ಎಲ್ಲಿ ನನ್ನ ಕಾಲಿಗೆ ಸಿಕ್ಕಾವೋ ಎಂದು ಕೊಡವಲು ಎತ್ತಿದ್ದಾಳೆ.

ನಾನು ಒಳಗೆ ಬಂದಾಗ
ಅಮ್ಮ ನಿಂತೇ ಇದ್ದಳು.
ಗುಲಾಬಿ ಹಿಡಿ ಅವಳ ಮುಷ್ಟಿಯಲ್ಲಿ,
ಒಂದೊಂದು ಬೆರಳೂ ಅದರದರ ಹಳ್ಳದಲ್ಲಿ,
ಹೆಬ್ಬೆರಳು ಸಮೇತ, ಕೂದಲೆಳೆ ಸಂದಿಲ್ಲದೆ.
ನನ್ನದೆಂದು ಅಚ್ಚು ತೆಗೆದ ಕೈ
ಯಾರದೆಂದು ಆಗ ಗೊತ್ತಾಯಿತು.

ಕೆಳಗಿಟ್ಟಳು. ನಲ್ಲಿಯಲ್ಲಿ ಕೈ ತೊಳೆದಳು, ಎರಡು ಸಲ.
ಹೊರಗೆ ಇನ್ನೂ ಬೆಳಕಿತ್ತು, ಬೇಗ ಬೇಗ ಬಡಿಸಿದಳು.
ಇಬ್ಬರೂ ಮಾತಾಡಲಿಲ್ಲ.
ಸಾರನ್ನ ಮುಗಿಯುತ್ತ ಬಂದಾಗ, ನಾನು ಕಟ್ಟಿಕೊಟ್ಟ ಹಲ್ಲಿನಲ್ಲಿ
ಹಪ್ಪಳ ಮುರಿಯುತ್ತ ಅಂದಳು:
‘ಆ ಕುದುರೆ ಒಂಚೂರು ಬಿಗಿ ಆಯ್ತು, ಕಣೋ.’

ಆಮೇಲೆ ಮಜ್ಜಿಗೆ ಹಾಕಿದಳು.