ಜಾಮೀನು

ಸೂರ್ ಪಟ್ಟಣದ ಲೈಬ್ರರಿಗೆ ಮೊದಲು
ಕಡಲಿನ ಕಡೆಗೊಂದು ಬಾಗಿಲಿತ್ತಂತೆ.
ಉಪ್ಪುಗಾಳಿ ಹಾಳೆ ತಿನ್ನುತ್ತದೆಂದು
ಮೌಜಾ ಬಿಂತ್ ಖಲ್ಫಾನ್ ಡೈರೆಕ್ಟರಾಗಿ ಬಂದ ವರ್ಷವೇ
ಅದಕ್ಕೆ ಗೋಡೆ ಕಟ್ಟಿಸಿ ಪೇಟೆಯ ಕಡೆ ಒಂದು ತೆಗೆಸಿದರು.
ಮೀನಿನ ಗಾಡಿ, ಚಹಾದಂಗಡಿ,
ಕಂಪನಿ ಬಸ್ಸಿಗೆ ಕಾಯುವ ಕೂಲಿಗಳು,
ಎದುರಿಗೆ ಒಂದು ದರ್ಜಿ ಅಂಗಡಿ.

ಅಂಗಡಿ ಅರ್ಬಾಬನದು. ಹೊಲಿಗೆ ನನ್ನದು.
ಗಂಗೊಳ್ಳಿಯ ಶೀನ ಖಾರ್ವಿ,
ಬಲೆ ಹೆಣೆಯುವ ಮನೆಯವನು
ಇಲ್ಲಿ ಬಿಳಿ ದಿಶ್‌ದಾಶಾಗಳಿಗೆ ಕೊರಳು ಕೂರಿಸುತ್ತಿದ್ದೆ.

ಒಳಗೆ ಹೋದದ್ದು ಪುಸ್ತಕಕ್ಕಲ್ಲ, ಎ.ಸಿ.ಗೆ.
ಮೂಲೆಯ ಕಪಾಟಿನಲ್ಲಿ, ನೋಡಿದರೆ, ಕನ್ನಡ!
ಎಲ್ಲವೂ ತಲೆಕೆಳಗು.
ಒಂದನ್ನು ಸರಿಮಾಡಿದೆ, ಇನ್ನೊಂದನ್ನು.
ಹನ್ನೆರಡನೆಯದಕ್ಕೆ ಹಿಂದಿನಿಂದ ದನಿ ಬಂತು:
'ಇದರ ತಲೆ ಯಾವುದೆಂದು ನಿನಗೆ ಗೊತ್ತೇ?'
ಊರಿಗೆ ಮರಳಿದ ಯಾರೋ ಬಿಟ್ಟುಹೋದ ಪೆಟ್ಟಿಗೆ.
ಯಾವ ಭಾಷೆಯೆಂದು ತಿಳಿಯದೆಯೇ
ಹನ್ನೊಂದು ತಿಂಗಳು ಧೂಳು ಒರೆಸಿ ಇಟ್ಟಿದ್ದರು.
ನಾನು ಬೆರಳಿಟ್ಟು ತೋರಿಸಿದೆ:
ಮೇಡಂ, ಇದು ತಲೆಕಟ್ಟು. ಇದು ಯಾವಾಗಲೂ ಮೇಲೆ.

ಫಾರಂ ಕೊಟ್ಟರು.
ಪಾಸ್‌ಪೋರ್ಟ್ ನಂಬರು: ಪಾಸ್‌ಪೋರ್ಟ್ ಅರ್ಬಾಬನ ತಿಜೋರಿಯಲ್ಲಿ.
ವಿಳಾಸ: ಆರು ಜನರ ಕೋಣೆ, ಮೇಲಿನ ಮಂಚ.
ಕೊನೆಯ ಸಾಲು, ಕಫೀಲ್.
ನನಗೆ ಗೊತ್ತಿದ್ದ ಕಫೀಲ್ ಒಬ್ಬನೇ,
ಆ ತಿಜೋರಿಯ ಬೀಗದಕೈ ಇದ್ದವನು.
ಪೆನ್ನು ಕೆಳಗಿಟ್ಟೆ. ಅವರು ಎತ್ತಿಕೊಂಡರು.
ಅದೇ ಪದದ ಮುಂದೆ
ಅವಸರವಿಲ್ಲದೆ ಬಲದಿಂದ ಎಡಕ್ಕೆ
ತಮ್ಮ ಹೆಸರು ಬರೆದರು.

ನನಗೊಬ್ಬನಿಗೇ ಅಲ್ಲ ಎಂದು ತಿಳಿದದ್ದು ಆಮೇಲೆ.
ದೋಣಿಕಟ್ಟೆಯ ಬಡಗಿಗಳಿಗೆ, ಮನೆಗೆಲಸದ ಹುಡುಗಿಯರಿಗೆ,
ಸಿಮೆಂಟು ಮೆತ್ತಿದ ಕೈಯಲ್ಲೇ ಬಂದ ಬಂಗಾಳಿಗೆ.
ಕೆಲವರು ರಾತ್ರೋರಾತ್ರಿ ವಿಮಾನ ಹತ್ತಿಸಲ್ಪಟ್ಟರು,
ಪುಸ್ತಕದ ಸಮೇತ.
ದಂಡ ಮೇಡಂ ಸಂಬಳದಿಂದ ಹೋಯಿತು.
ಎಂಟು ವರ್ಷದ ಮೇಲೆ ಚಿತ್ತಗಾಂಗಿನಿಂದ ಒಂದು ಮರಳಿ ಬಂತು,
ಎಪ್ಪತ್ತನೇ ಪುಟದಲ್ಲಿ ಅರಿಸಿನದ ಹೆಬ್ಬೆಟ್ಟು.

ದೇವತೆ ಅಂತ ಹೇಳಲಾರೆ. ಕೋಪ ಮೂಗಿನ ತುದಿಯಲ್ಲಿ.
ಎಂಜಲು ಹಚ್ಚಿ ಪುಟ ತಿರುವಿದ್ದಕ್ಕೆ
ಒಂದು ವಾರ ನನ್ನನ್ನು ಹೊರಗಿಟ್ಟಿದ್ದಾರೆ.
ಮಸ್ಕತ್ತಿನ ದೊಡ್ಡ ಕುರ್ಚಿ ಎರಡು ಸಲ ಕರೆಯಿತು;
'ಅಲ್ಲಿ ಕಿಟಕಿ ತೆರೆಯುವುದಿಲ್ಲ' ಎಂದರು, ಅಷ್ಟೇ.
ಮಗಳ ಮದುವೆಯ ದಿನವೂ ಹತ್ತು ಗಂಟೆಗೆ ಬೀಗ ತೆಗೆದು
ಮಗಳ ಕೈಲಿ ಬೈಸಿಕೊಂಡವರು.

ಚಂಡಮಾರುತದ ವರ್ಷ ನೀರು ಕೆಳಗಿನ ಮೂರು ಸಾಲು ನುಂಗಿತು.
ಶಾಲೆಯ ಅಂಗಳದುದ್ದ ಮೀನುಬಲೆಯ ಹಗ್ಗ ಕಟ್ಟಿ
ಪುಸ್ತಕ ಒಣಹಾಕಿದೆವು, ಬಂಗುಡೆ ಒಣಹಾಕಿದ ಹಾಗೆ.
ಕಾಗೆ ಓಡಿಸಲು ನಿಂತದ್ದು ಡೈರೆಕ್ಟರೇ, ಕೋಲು ಹಿಡಿದು.
ಬೆನ್ನು ಬಿಚ್ಚಿದವಕ್ಕೆ ನಾನು ಹೊಲಿಗೆ ಹಾಕಿದೆ,
ದಿಶ್‌ದಾಶಾದ ಬಿಳಿ ನೂಲಿನಲ್ಲಿ.
ಈಗಲೂ ಬಿಡಿಸಿದರೆ ಕಾಣುತ್ತದೆ.

ಮೊನ್ನೆ ಗುರುವಾರ, ಮೂವತ್ತೊಂದು ವರ್ಷ ಮುಗಿಯಿತು.
ಖರ್ಜೂರ, ಕೇಕು, ಮಂತ್ರಾಲಯದವರ ಭಾಷಣ.
ಹೊಸ ಡೈರೆಕ್ಟರು ರಿಜಿಸ್ಟರ್ ತಿರುವಿ ಕೇಳಿದರು:
ಈ ನಾನ್ನೂರಾ ಹನ್ನೆರಡು ಜನಕ್ಕೆ ನಾಳೆಯಿಂದ ಯಾರು?
'ದೋಣಿಕಟ್ಟೆಯ ಹಿಂದೆ, ನೀಲಿ ಬಾಗಿಲು.
ವಿಳಾಸ ಬರೆದುಕೊ' ಎಂದು ಮೇಡಂ
ಕೇಕಿನ ತಟ್ಟೆ ಪಕ್ಕಕ್ಕಿಟ್ಟರು.

ಆಮೇಲೆ ತಮಗೂ ಒಂದು ಫಾರಂ ಕೇಳಿದರು.
ಇಷ್ಟು ವರ್ಷ ಕಾರ್ಡೇ ಇರಲಿಲ್ಲವಂತೆ!
ಎಲ್ಲ ತುಂಬಿ, ಕೊನೆಯ ಸಾಲಿಗೆ ಬಂದು
ಕಾಗದವನ್ನು ನನ್ನ ಕಡೆ ತಿರುಗಿಸಿದರು.
ಈ ದೇಶದವರಿಗೆ ಜಾಮೀನು ಬೇಡ ಎಂದರು ಹೊಸಬರು, ನಗುತ್ತ.
ಮೇಡಂ ನಗಲಿಲ್ಲ. ಪೆನ್ನು ಚಾಚಿಯೇ ಇದ್ದರು.

ಬರೆದೆ. ಕನ್ನಡದಲ್ಲೇ, ಕೈ ನಡುಗಿ ಸೊಟ್ಟಗೆ.
ಹೊಸಬರು ಫಾರಂ ಎತ್ತಿ ನೋಡಿದರು,
ತಿರುಗಿಸಿ ನೋಡಿದರು.
ಮೇಡಂ ಅವರ ಕೈಯಿಂದ ತೆಗೆದುಕೊಂಡು
ನೇರ ಮಾಡಿ ಕೊಟ್ಟರು:
'ತಲೆಕಟ್ಟು. ಇದು ಮೇಲೆ.'